ಕೇಳುವವರ ಕೂಟ: ಖ್ವಾಜಾ ಬಂದೇನವಾಜರ ಕಥೆ

ಮೊದಲೇ ಹೇಳಿಬಿಡ್ತೀನಿ, ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ಎಲ್ಲಾದರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ.

ಈ ಸಲ ನಾನು ಬರೀಬೇಕು ಅಂದುಕೊಂಡಿದ್ದು ಬೇರೆ ವಿಷಯ. ನನ್ನ ರೂಮ್‌ಮೇಟ್ ರಾತ್ರಿ ಹನ್ನೊಂದಾದ ಮೇಲೆ ಹಳೆ ಸೋಲ್ ಮ್ಯೂಸಿಕ್ ಹಾಕ್ತಾನೆ. ಅಮೆರಿಕದ ಕಪ್ಪು ಜನರ ಚರ್ಚಿನಲ್ಲಿ ಹುಟ್ಟಿ, 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಅಂಥವರ ಕೈಲಿ ಚರ್ಚಿನ ಬಾಗಿಲು ದಾಟಿ ಕ್ಲಬ್ಬಿಗೆ ಬಂದ ಸಂಗೀತ ಅದು. ದೇವರ ರಾಗಕ್ಕೆ ಪ್ರೇಮದ ಮಾತು ಹಾಕ್ತಾರಲ್ಲ ಅಂತ ಚರ್ಚಿನವರು ಆಗ ಸಿಟ್ಟಾಗಿದ್ರು. ಆಮೇಲೆ ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆ ಊರುಗಳಲ್ಲಿ ಅದೇ ಹಾಡುಗಳಿಗೆ ಹುಚ್ಚು ಹಿಡೀತು. ವಿಗನ್ ಅನ್ನೋ ಊರಿನ ಕ್ಯಾಸಿನೋದಲ್ಲಿ 1973ರಿಂದ 1981ರವರೆಗೆ ಶನಿವಾರ ರಾತ್ರಿ ಶುರುವಾದ ಕುಣಿತ ಭಾನುವಾರ ಬೆಳಿಗ್ಗೆ ಮುಗೀತಿತ್ತು. ಅಲ್ಲಿ ಹೆಂಡ ಮಾರೋ ಲೈಸೆನ್ಸೇ ಇರಲಿಲ್ಲ. ವಾರವಿಡೀ ದುಡಿದ ಹುಡುಗರು ದೂರದ ಊರಿಂದ ರೈಲು ಹಿಡಿದು ಬರ್ತಿದ್ದದ್ದು ಹಾಡು ಕೇಳೋಕೆ, ಕುಣಿಯೋಕೆ.

ಇದನ್ನ ಸೇಡಂನ ಗೆಳೆಯನಿಗೆ ಹೇಳಿದೆ. ಅವ ನಕ್ಕ. ಇದಕ್ಕ ವಿಗನ್ ತನಕ ಯಾಕ ಹೋಗ್ತೀ, ವಾಡಿ ಸ್ಟೇಷನ್ನಿನಾಗ ರೈಲು ಹತ್ತಿ ಕಲಬುರಗಿಗೆ ಇಳಿ ಸಾಕು ಅಂದ. ರಾತ್ರಿ ಪೂರ್ತಿ ಹಾಡು, ಮೈಮರೆತು ಕೇಳೋ ಜನ, ಇದು ಸರಿಯೋ ತಪ್ಪೋ ಅಂತ ಧರ್ಮದವರ ಜಗಳ, ಎಲ್ಲ ನಮ್ಮ ಕಡೆ ಆರುನೂರು ವರ್ಷದ ಹಿಂದೆಯೇ ಆಗಿದೆ ಅಂದ. ಅವನು ಹೇಳ್ತಿದ್ದದ್ದು ಖ್ವಾಜಾ ಬಂದೇನವಾಜರ ಬಗ್ಗೆ.

ಆ ಹೆಸರು ಗೊತ್ತಿಲ್ಲದವರು ನಮ್ಮ ಕ್ಯಾಂಪಸ್ಸಿನಲ್ಲಿ ಇಲ್ಲ. ಆದರೆ ಆ ಮನುಷ್ಯ ಯಾರು, ಎಲ್ಲಿಂದ ಬಂದ್ರು, ಏನು ಮಾಡಿದ್ರು ಅಂತ ಕೇಳಿ ನೋಡ್ರಿ, ಹತ್ತರಲ್ಲಿ ಒಂಬತ್ತು ಜನ ತಲೆ ಕೆರ್ಕೋತಾರೆ. ನಾನೂ ಆ ಒಂಬತ್ತರಲ್ಲಿ ಒಬ್ಬನಾಗಿದ್ದೆ. ಓದಿದ ಮೇಲೆ ಬರೆದದ್ದು ಇದು.

ಅವರ ನಿಜ ಹೆಸರು ಸೈಯದ್ ಮುಹಮ್ಮದ್ ಹುಸೈನಿ. ಹುಟ್ಟಿದ್ದು 1321ರಲ್ಲಿ, ದೆಹಲಿಯಲ್ಲಿ. ಆರೇಳು ವರ್ಷದ ಹುಡುಗ ಇದ್ದಾಗಲೇ ಮೊದಲ ಪೆಟ್ಟು ಬಿತ್ತು. ಮುಹಮ್ಮದ್ ಬಿನ್ ತುಘಲಕ್ ರಾಜಧಾನಿಯನ್ನ ದೆಹಲಿಯಿಂದ ದೌಲತಾಬಾದಿಗೆ ಸಾಗಿಸಿದ ಕಥೆ ಹೈಸ್ಕೂಲಿನಲ್ಲಿ ಎರಡು ಮಾರ್ಕ್ಸಿಗೆ ಬರೆದಿದ್ದೀವಲ್ಲ, ಆ ಎರಡು ಮಾರ್ಕಿನ ಒಳಗೆ ಈ ಹುಡುಗನೂ ಇದ್ದ. ಅಪ್ಪ ಸೈಯದ್ ಯೂಸುಫರನ್ನ ಜನ ರಾಜೂ ಕತ್ತಾಲ್ ಅಂತ ಕರೀತಿದ್ರು. ಅವರ ಕುಟುಂಬವೂ ಸಾವಿರ ಕಿಲೋಮೀಟರಿಗಿಂತ ಹೆಚ್ಚು ದಾರಿ ಸವೆಸಿ ದಖ್ಖನ್ನಿಗೆ ಬಂತು. ಬಂದ ಕೆಲವೇ ವರ್ಷಕ್ಕೆ, 1331ರಲ್ಲಿ, ಅಪ್ಪ ತೀರಿಕೊಂಡ್ರು. ಅವರ ಗೋರಿ ದೌಲತಾಬಾದ್ ಪಕ್ಕದ ಖುಲ್ದಾಬಾದಿನಲ್ಲಿ ಇವತ್ತಿಗೂ ಇದೆ. ಹುಡುಗನಿಗೆ ಸುಮಾರು ಹದಿನೈದು ವರ್ಷ ಆದಾಗ ತಾಯಿ ಮಕ್ಕಳನ್ನ ಕರ್ಕೊಂಡು ವಾಪಸ್ ದೆಹಲಿಗೆ ಹೋದ್ರು.

ಅಲ್ಲಿ ಹುಡುಗನಿಗೆ ಗುರು ಸಿಕ್ಕರು. ನಸೀರುದ್ದೀನ್ ಅಂತ, ದೆಹಲಿಯ ದೀಪ ಅನ್ನೋ ಅರ್ಥದಲ್ಲಿ ಜನ ಅವರನ್ನ ಚಿರಾಗ್ ದೆಹಲಿ ಅಂತಿದ್ರು. ದೆಹಲಿಯಲ್ಲಿ ಮೆಟ್ರೋ ಹತ್ತಿದವರಿಗೆ ಚಿರಾಗ್ ದಿಲ್ಲಿ ಅನ್ನೋ ಸ್ಟೇಷನ್ ಗೊತ್ತಿರಬಹುದು, ಅದೇ ಹೆಸರು. ಈ ನಸೀರುದ್ದೀನರ ಗುರು ನಿಜಾಮುದ್ದೀನ್ ಔಲಿಯಾ. ಅಂದರೆ ಕವಿ ಅಮೀರ್ ಖುಸ್ರೋ ಹಾಡಿದ ಅಂಗಳಕ್ಕೆ ಸೇರಿದ ಮನೆತನ ಇದು. ಇಡೀ ಪಂಥದ ಹೆಸರು ಚಿಶ್ತಿ.

ಗೇಸುದರಾಜ್ ಅನ್ನೋ ಹೆಸರು ಬಂದದ್ದು ಇಲ್ಲೇ. ಪರ್ಷಿಯನ್ನಿನಲ್ಲಿ ಅದರ ಅರ್ಥ ಉದ್ದ ಕೂದಲಿನವರು. ಜನ ಹೇಳೋ ಕಥೆ ಹೀಗಿದೆ. ಒಂದಿನ ಶಿಷ್ಯರೆಲ್ಲ ಗುರುವಿನ ಪಲ್ಲಕ್ಕಿ ಹೊತ್ತಿದ್ರಂತೆ. ಇವರ ಉದ್ದ ಕೂದಲು ಪಲ್ಲಕ್ಕಿಯ ಕಾಲಿಗೆ ಸಿಕ್ಕಿಕೊಂಡಿತು. ಬಿಡಿಸ್ಕೊಳ್ಳೋಕೆ ನಿಂತರೆ ಗುರುಗಳ ಪಲ್ಲಕ್ಕಿಯೂ ನಿಲ್ಲಬೇಕಾಗ್ತದೆ ಅಂತ ನೋವು ತಡ್ಕೊಂಡೇ ಪೂರ್ತಿ ದಾರಿ ನಡೆದ್ರಂತೆ. ಕಥೆ ನಿಜವೋ ಅಲ್ಲವೋ, ಹೆಸರಂತೂ ಉಳೀತು. ಬಂದೇನವಾಜ್ ಅಂದರೆ ದೇವರ ಬಂಟರಿಗೆ ಕರುಣೆ ತೋರಿಸೋರು ಅಂತ. ಅದು ಜನ ಪ್ರೀತಿಯಿಂದ ಇಟ್ಟ ಹೆಸರು.

ಈಗ ಸಂಗೀತದ ವಿಷಯಕ್ಕೆ ಬರೋಣ. ಚಿಶ್ತಿಗಳು ನಡೆಸೋ ಹಾಡಿನ ಕೂಟಕ್ಕೆ ಸಮಾ ಅಂತಾರೆ. ಇದು ಅರಬ್ಬಿ ಪದ. ನನಗೆ ಇಷ್ಟವಾದ ವಿಷಯ ಏನಂದ್ರೆ, ಸಮಾ ಅಂದರೆ ಹಾಡೋದು ಅಲ್ಲ, ಕೇಳೋದು. ಇಡೀ ಪದ್ಧತಿಗೆ ಹೆಸರು ಬಂದದ್ದು ಕೇಳುವವನ ಕಡೆಯಿಂದ. ಹಾಡುವವನು ಕವ್ವಾಲ್. ಅವನು ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಕೂಟದ ನಿಜವಾದ ಕೆಲಸ ನಡೆಯೋದು ಕೇಳುಗನ ಒಳಗೆ. ಒಂದು ಸಾಲು ಒಬ್ಬನಿಗೆ ನಾಟಿತು ಅಂದ್ರೆ ಕವ್ವಾಲ್ ಮುಂದಕ್ಕೆ ಹೋಗೋ ಹಾಗಿಲ್ಲ, ಅದೇ ಸಾಲನ್ನ ಮತ್ತೆ ಮತ್ತೆ ಹಾಡಬೇಕು. ಅವರ ಪಂಥದ ಹಿರಿಯರಲ್ಲಿ ಒಬ್ಬರಾದ ಕುತ್ಬುದ್ದೀನ್ ಬಖ್ತಿಯಾರ್ ಕಾಕಿ 1235ರಲ್ಲಿ ಹೀಗೆ ಹಾಡು ಕೇಳ್ತಾ ಕೇಳ್ತಾನೇ ಪ್ರಾಣ ಬಿಟ್ಟರು ಅಂತ ಹೇಳ್ತಾರೆ.

ಈ ಕೂಟಕ್ಕೆ ಸಿಕ್ಕಸಿಕ್ಕವರು ನುಗ್ಗೋ ಹಾಗಿರಲಿಲ್ಲ. ಸೂಫಿಗಳ ಹಳೇ ನಿಯಮ ಮೂರು: ಸಮಯ ಸರಿ ಇರಬೇಕು, ಜಾಗ ಸರಿ ಇರಬೇಕು, ಜೊತೆಗಾರರು ಸರಿ ಇರಬೇಕು. ನಮಾಜಿನ ಹೊತ್ತಿನಲ್ಲಿ ಕೂಡದು, ನಡುದಾರಿಯಲ್ಲಿ ಕೂಡದು, ಗೇಲಿ ಮಾಡೋರ ನಡುವೆ ಕೂಡದು. ಒಳ್ಳೇ ಕ್ಲಬ್ಬಿಗೆ ಇದಕ್ಕಿಂತ ಒಳ್ಳೇ ರೂಲ್ ಬುಕ್ ಬೇಕಾ?

ಆದರೂ ಜಗಳ ತಪ್ಪಲಿಲ್ಲ. ಧರ್ಮಶಾಸ್ತ್ರ ಬಲ್ಲ ಅನೇಕ ಪಂಡಿತರಿಗೆ ಸಂಗೀತವೇ ಅನುಮಾನದ ವಸ್ತು. ಮನಸ್ಸನ್ನ ದಾರಿ ತಪ್ಪಿಸ್ತದೆ ಅನ್ನೋದು ಅವರ ವಾದ. ನಿಜಾಮುದ್ದೀನ್ ಔಲಿಯಾರನ್ನೇ ಘಿಯಾಸುದ್ದೀನ್ ತುಘಲಕ್ ದರ್ಬಾರಿಗೆ ಕರೆಸಿ, ಪಂಡಿತರ ಎದುರು ಸಮಾ ಬಗ್ಗೆ ಉತ್ತರ ಕೇಳಿದ್ದ. ವಾದ್ಯ ಇರಬೇಕೋ ಬೇಡವೋ ಅನ್ನೋದರ ಮೇಲೆ ಸೂಫಿಗಳ ಒಳಗೇ ಭಿನ್ನಾಭಿಪ್ರಾಯ ಇತ್ತು.

ಗೇಸುದರಾಜರು ಈ ಜಗಳದ ನಡುವೆ ನಿಂತ ವಿಚಿತ್ರ ಮನುಷ್ಯ. ಒಂದು ಕಡೆ ಅವರು ಪಕ್ಕಾ ಶಾಸ್ತ್ರದವರು. ಹದೀಸ್, ಧರ್ಮಶಾಸ್ತ್ರ ಪಾಠ ಮಾಡ್ತಿದ್ರು. ದೊಡ್ಡ ಸೂಫಿ ತತ್ವಜ್ಞಾನಿ ಇಬ್ನ್ ಅರಬಿಯ ವಿಚಾರಗಳನ್ನೇ ಖಂಡಿಸಿದ್ರು. ಅವರನ್ನ ಇವತ್ತಿನ ಲೆಕ್ಕದ ಲಿಬರಲ್ ಹೀರೋ ಮಾಡೋಕೆ ಹೋದ್ರೆ ಅದು ಸುಳ್ಳಾಗ್ತದೆ. ಇನ್ನೊಂದು ಕಡೆ ಅದೇ ಮನುಷ್ಯ ಸಮಾ ಬಿಡಲಿಲ್ಲ. ಕುರಾನ್ ಪಠಣದ ಜೊತೆಗೆ ಸಮಾ ಕೂಡ ತನಗೆ ದಾರಿ ತೆರೆದ ಬಾಗಿಲು ಅಂತ ನಂಬಿದ್ರು.

ಇನ್ನೂ ಒಂದು ಮಾತು. ಅವರ ಸಂಭಾಷಣೆಗಳನ್ನ ದೊಡ್ಡ ಮಗ ಅಕ್ಬರ್ ಹುಸೈನಿ ಜವಾಮಿ ಅಲ್-ಕಲೀಮ್ ಅನ್ನೋ ಪುಸ್ತಕವಾಗಿ ಬರೆದಿಟ್ಟ. ಅದರಲ್ಲಿ ಭಾಷೆಗಳ ಹಾಡಿನ ಬಗ್ಗೆ ಚರ್ಚೆ ಬರ್ತದೆ. ಅರಬ್ಬಿ, ಪರ್ಷಿಯನ್, ಹಿಂದವಿ, ಒಂದೊಂದಕ್ಕೂ ಅದರದ್ದೇ ಗುಣ ಇದೆ. ಆದರೆ ಹಿಂದವಿ ಹಾಡು ಮೆತ್ತಗಿರ್ತದೆ, ನೇರವಾಗಿ ಮನಸ್ಸು ಕರಗಿಸ್ತದೆ ಅನ್ನೋದು ಅವರ ಅಭಿಪ್ರಾಯ. ಇದು ಸಣ್ಣ ಮಾತಲ್ಲ. ಆಗ ಪರ್ಷಿಯನ್ ಅಂದ್ರೆ ಈಗಿನ ಇಂಗ್ಲಿಷ್ ಇದ್ದ ಹಾಗೆ: ದರ್ಬಾರಿನ ಭಾಷೆ, ಓದಿದವರ ಭಾಷೆ. ಅಂಥ ಭಾಷೆಯಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದ ಪಂಡಿತರು, ಮನಸ್ಸು ಕರಗಬೇಕಂದ್ರೆ ಬೀದಿಯ ಮಾತಿನ ಹಾಡೇ ಮೇಲು ಅಂದ್ರು. ಇದನ್ನ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

1356ರಲ್ಲಿ ಗುರು ನಸೀರುದ್ದೀನ್ ತೀರಿಕೊಂಡ್ರು. ಆಗ ಗೇಸುದರಾಜರಿಗೆ ಮೂವತ್ತೈದು. ಮುಂದಿನ ನಾಲ್ವತ್ತಕ್ಕೂ ಹೆಚ್ಚು ವರ್ಷ ದೆಹಲಿಯಲ್ಲೇ ಇದ್ದು ಪಾಠ ಹೇಳಿದ್ರು, ಶಿಷ್ಯರನ್ನ ಬೆಳೆಸಿದ್ರು, ಮದುವೆಯಾದ್ರು, ಇಬ್ಬರು ಗಂಡುಮಕ್ಕಳಾದ್ರು. ಸಾಮಾನ್ಯವಾಗಿ ಒಬ್ಬ ಮನುಷ್ಯನ ಕಥೆ ಇಲ್ಲಿಗೆ ಮುಗೀಬೇಕು. ಎಪ್ಪತ್ತೇಳು ವರ್ಷ ಆಗಿತ್ತು. ಇನ್ನೇನಿದ್ರೂ ವಿಶ್ರಾಂತಿ.

1398ರ ಡಿಸೆಂಬರಿನಲ್ಲಿ ತೈಮೂರ್ ಬಂದ. ದೆಹಲಿ ಲೂಟಿಯಾಯ್ತು, ಜನ ಸತ್ತರು, ಬದುಕಿದವರು ಓಡಿದ್ರು. ಗೇಸುದರಾಜರು ಮನೆಯವರನ್ನೂ ಶಿಷ್ಯರನ್ನೂ ಕರ್ಕೊಂಡು ಊರು ಬಿಟ್ಟರು. ಏಳು ವರ್ಷದವರಿದ್ದಾಗ ರಾಜನ ಹಟಕ್ಕೆ ನಡೆದಿದ್ದ ದಕ್ಷಿಣದ ದಾರಿಯನ್ನ, ಎಪ್ಪತ್ತು ವರ್ಷದ ಮೇಲೆ, ಇನ್ನೊಬ್ಬ ರಾಜನ ಕತ್ತಿಗೆ ಹೆದರಿ ಮತ್ತೆ ಹಿಡಿದ್ರು. ಗ್ವಾಲಿಯರ್, ಚಂದೇರಿ, ಗುಜರಾತಿನ ಖಂಭಾತ್, ಅಲ್ಲಿಂದ ದೌಲತಾಬಾದ್. ಅಪ್ಪನ ಗೋರಿ ಇದ್ದ ನೆಲ ಅದು. ನಮ್ಮಲ್ಲಿ ಬ್ಯಾಕ್‌ಲಾಗ್ ಎರಡಾದ್ರೆ ಜೀವನ ಮುಗೀತು ಅಂತ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂರೋರಿದ್ದಾರೆ, ನಾನೂ ಕೂತಿದ್ದೀನಿ. ಈ ಅಜ್ಜನ ನಿಜವಾದ ಕೆಲಸ ಶುರುವಾದದ್ದೇ ಎಂಬತ್ತರ ಹತ್ತಿರ.

ಆಗ ಕಲಬುರಗಿ ಬಹಮನಿ ರಾಜಧಾನಿ. 1347ರಲ್ಲಿ ರಾಜ್ಯ ಹುಟ್ಟಿತ್ತು, ಕೋಟೆಯೊಳಗಿನ ದೊಡ್ಡ ಮಸೀದಿ 1367ರಲ್ಲಿ ಎದ್ದಿತ್ತು. ಸಿಂಹಾಸನದ ಮೇಲಿದ್ದವನು ಫಿರೋಜ್ ಶಾ. ಇಂಜಿನಿಯರಿಂಗ್ ಹುಡುಗರಿಗೆ ಈ ರಾಜ ಬಹಳ ಹಿಡಿಸ್ತಾನೆ. ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫಿರಿಷ್ತಾ ಹೇಳೋ ಪ್ರಕಾರ ಈ ಸುಲ್ತಾನ ವಾರದಲ್ಲಿ ಮೂರು ದಿನ ತಾನೇ ಪಾಠ ಮಾಡ್ತಿದ್ದ, ಅದರಲ್ಲಿ ರೇಖಾಗಣಿತವೂ ಇತ್ತು. ದೌಲತಾಬಾದಿನ ಹತ್ತಿರ ನಕ್ಷತ್ರ ನೋಡೋಕೆ ವೀಕ್ಷಣಾಲಯ ಕಟ್ಟಿಸೋಕೆ ಶುರು ಮಾಡಿದ್ದ, ಅದು ಪೂರ್ತಿಯಾಗಲಿಲ್ಲ.

1400ರ ಆಸುಪಾಸಿನಲ್ಲಿ ಗೇಸುದರಾಜರು ಬಂದಾಗ ಫಿರೋಜ್ ಗೌರವದಿಂದಲೇ ಬರಮಾಡಿಕೊಂಡ. ಕೋಟೆಯ ಹತ್ತಿರವೇ ಅವರ ಖಾನ್‌ಕಾ ಆಯ್ತು. ಖಾನ್‌ಕಾ ಅಂದ್ರೆ ನಮ್ಮ ಕಡೆಯ ಮಠದ ಹಾಗೆ: ಇರೋಕೆ ಜಾಗ, ಊಟ, ಪಾಠ, ಪ್ರಾರ್ಥನೆ, ಸಮಾ. ಆದರೆ ಇಬ್ಬರಿಗೂ ಕೂಡಿ ಬರಲಿಲ್ಲ. ಫಿರಿಷ್ತಾ ಬರೆದ ಪ್ರಕಾರ, ರೇಖಾಗಣಿತ ತರ್ಕ ಬಲ್ಲ ರಾಜನಿಗೆ ಈ ಸಂತರ ಲೌಕಿಕ ವಿದ್ಯೆ ಅಷ್ಟಕ್ಕಷ್ಟೇ ಅನಿಸಿತು. ರಾಜನ ತಮ್ಮ ಅಹಮದನಿಗೆ ಮಾತ್ರ ಇವರ ಮೇಲೆ ಭಾಳ ಭಕ್ತಿ. ಅವನು ಬಂದು ಪಾಠ ಕೇಳ್ತಿದ್ದ, ಸಮಾದಲ್ಲಿ ಕೂರ್ತಿದ್ದ.

ಆಮೇಲೆ ರಾಜಕೀಯ ಬಂತು. ಫಿರೋಜ್ ತನ್ನ ಮಗ ಹಸನ್ ಖಾನನನ್ನ ಉತ್ತರಾಧಿಕಾರಿ ಮಾಡಿ, ಆಶೀರ್ವಾದ ಮಾಡ್ರಿ ಅಂತ ಸಂತರಿಗೆ ಕೇಳಿಕೊಂಡ. ಅವರು ಒಪ್ಪಲಿಲ್ಲ. ಕಿರೀಟ ಹೋಗೋದು ತಮ್ಮ ಅಹಮದನಿಗೆ ಅನ್ನೋದು ಅವರ ಉತ್ತರ. ರಾಜನಿಗೆ ಎಷ್ಟು ಉರಿದಿರಬೇಕು ಯೋಚನೆ ಮಾಡ್ರಿ. ಖಾನ್‌ಕಾ ಕೋಟೆಗೆ ಬಹಳ ಹತ್ತಿರ ಇದೆ, ಅಲ್ಲಿ ಸೇರೋ ಜನರ ಗದ್ದಲ ಹೆಚ್ಚಾಗಿದೆ, ಜಾಗ ಖಾಲಿ ಮಾಡಬೇಕು ಅಂತ ಆಜ್ಞೆ ಬಂತು. ಒಂದು ಕಾಲದ ಸೌಂಡ್ ಕಂಪ್ಲೇಂಟ್ ಅಂತಲೇ ಅನ್ನಬಹುದು. ನಿಜವಾದ ಕಾರಣ ಗದ್ದಲವಲ್ಲ, ಆ ಗದ್ದಲ ಮಾಡೋ ಜನ ಯಾರ ಕಡೆ ಇದ್ದಾರೆ ಅನ್ನೋ ಭಯ.

ತೊಂಬತ್ತರ ಹತ್ತಿರದ ಮುದುಕರು ವಾದ ಮಾಡದೆ ಎದ್ದು ನಡೆದ್ರು. ಕೋಟೆಯಿಂದ ದೂರ, ಊರಾಚೆ ಹೋಗಿ ಕೂತರು. ಜನ ಅಲ್ಲಿಗೇ ಹೋದ್ರು. ಇವತ್ತು ನಾವು ದರ್ಗಾ ಅಂತ ಕರೆಯೋ ಜಾಗ ಅದೇ. ಈಗ ಕೋಟೆಯಲ್ಲಿ ಆಡು ಮೇಯ್ತಾವೆ, ದರ್ಗಾದ ಬೀದಿಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಆದರೆ ಆ ವರ್ಷಗಳಲ್ಲಿ ಅವರಿಗೆ ನೋವೇ ಇರಲಿಲ್ಲ ಅಂತಲ್ಲ. ತನ್ನ ಮಾತುಗಳನ್ನ ಬರೆದಿಟ್ಟ ದೊಡ್ಡ ಮಗ ಅಕ್ಬರ್ ಹುಸೈನಿ ಅಪ್ಪನಿಗಿಂತ ಮೊದಲೇ ತೀರಿಕೊಂಡ.

1422ರ ಸೆಪ್ಟೆಂಬರಿನಲ್ಲಿ ಅಣ್ಣತಮ್ಮಂದಿರ ಜಗಳ ಕತ್ತಿಗೆ ಬಂದು, ಕೊನೆಗೆ ಅಹಮದನೇ ಸಿಂಹಾಸನ ಹತ್ತಿದ. ಸೋತ ಫಿರೋಜ್ ಕೆಲವೇ ದಿನದಲ್ಲಿ ತೀರಿಕೊಂಡ. ಅವನ ಗೋರಿ ಹಫ್ತ್ ಗುಂಬಜ್‌ನಲ್ಲಿದೆ, ಒಳಗಿನ ಕೆತ್ತನೆ ನೋಡಿದ್ರೆ ರೇಖಾಗಣಿತದ ರಾಜ ಅನ್ನೋದು ಸರಿ ಅನಿಸ್ತದೆ. ಅದೇ ವರ್ಷ ನವೆಂಬರ್ 1ರಂದು ಗೇಸುದರಾಜರೂ ಹೋದ್ರು. ನೂರೊಂದು ವರ್ಷ, ಚಾಂದ್ರಮಾನದ ಲೆಕ್ಕ ಹಿಡಿದ್ರೆ ಇನ್ನೂ ಹೆಚ್ಚು. ಅಹಮದ್ ಶಾ ಗುರುವಿನ ಗೋರಿಯ ಮೇಲೆ ದೊಡ್ಡ ಗುಮ್ಮಟ ಕಟ್ಟಿಸಿದ. ಆಮೇಲೆ ಸ್ವಲ್ಪ ವರ್ಷದಲ್ಲಿ ರಾಜಧಾನಿಯನ್ನ ಬೀದರಿಗೆ ಒಯ್ದ. ರಾಜ ಹೋದ, ದರ್ಬಾರು ಹೋಯ್ತು, ಸಂತರು ಉಳಿದ್ರು.

ಹಾಡೂ ಉಳೀತು. ನನಗೆ ಮುಖ್ಯ ಅನಿಸಿದ್ದು ಈ ಭಾಗ. ದಖನಿ ಭಾಷೆಯ ಮೊದಲ ಗದ್ಯ ಬರೆದವರು ಇವರೇ ಅಂತ ಬಹಳ ದಿನ ನಂಬಿದ್ದರು. ಮಿರಾಜುಲ್ ಆಶಿಕೀನ್ ಅನ್ನೋ ಆ ಪುಸ್ತಕ ಅವರದ್ದಲ್ಲ, ಆಮೇಲಿನದ್ದು ಅಂತ ಈಗಿನ ವಿದ್ವಾಂಸರಲ್ಲಿ ಅನೇಕರು ಹೇಳ್ತಾರೆ. ಇರಲಿ. ಪುಸ್ತಕಕ್ಕಿಂತ ದೊಡ್ಡ ಕೆಲಸವನ್ನ ಅವರ ಪರಂಪರೆಯ ಸೂಫಿಗಳು ಬಿಜಾಪುರದ ಕಡೆ ಮಾಡಿದ್ರು. ಹೆಣ್ಣುಮಕ್ಕಳು ನಸುಕಿನಲ್ಲಿ ಬೀಸುವಾಗ ಹಾಡೋಕೆ ಚಕ್ಕಿನಾಮಾ, ನೂಲುವಾಗ ಹಾಡೋಕೆ ಚರಖಾನಾಮಾ, ತೊಟ್ಟಿಲು ತೂಗೋಕೆ ಲೋರಿನಾಮಾ ಅಂತ ದಖನಿಯಲ್ಲಿ ಹಾಡು ಕಟ್ಟಿದ್ರು. ಬೀಸುಕಲ್ಲಿನ ಹಿಡಿಗೂಟ ನೆಟ್ಟಗೆ ಇರೋದರಿಂದ ಅದು ಅಲಿಫ್ ಅಕ್ಷರ, ಅಂದರೆ ಅಲ್ಲಾಹ್. ನಡುವಿನ ಗೂಟ ಪೈಗಂಬರರು, ಹೀಗೆ ಕಲ್ಲಿನ ಒಂದೊಂದು ಭಾಗಕ್ಕೂ ಒಂದೊಂದು ಅರ್ಥ. ಕಲ್ಲು ತಿರುಗೋ ಲಯಕ್ಕೆ ದೇವರ ಹೆಸರು. ಯೂಸರ್ ಏನು ಕೆಲಸ ಮಾಡ್ತಾ ಇದ್ದಾಳೆ ಅಂತ ನೋಡಿ ಅದಕ್ಕೆ ತಕ್ಕಂತೆ ಮಾಡಿದ ಡಿಸೈನ್ ಇದು. ಗಂಡಸರ ಸಮಾ ಕೂಟಕ್ಕೆ ಹೋಗಲಾಗದ ಹೆಣ್ಣುಮಗಳ ಅಡುಗೆಮನೆಗೇ ಕೂಟ ಬಂತು.

ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್‌ಶಾ ತನ್ನ ಕಿತಾಬ್-ಎ-ನೌರಸ್ ಅನ್ನೋ ಹಾಡಿನ ಪುಸ್ತಕದಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೀತಾನೆ, ಗೇಸುದರಾಜರನ್ನೂ ನೆನೀತಾನೆ. ನಮ್ಮ ಜಿಲ್ಲೆಯಲ್ಲೇ ಯಡ್ರಾಮಿ ತಾಲೂಕಿನ ಕಡಕೋಳ ಮಡಿವಾಳಪ್ಪನವರ ತತ್ವಪದ ಇದೆ. ಅವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಬರೂ ಒಬ್ಬರು. ಏಕತಾರಿ, ದಮ್ಮಡಿ ಹಿಡಿದು ಅಮಾವಾಸ್ಯೆ ರಾತ್ರಿ ಬೆಳತನಕ ಹಾಡೋ ಭಜನೆಯನ್ನ ಬಂದೇನವಾಜರು ಶುರು ಮಾಡಿದ್ರು ಅಂತ ನಾನು ಹೇಳೋದಿಲ್ಲ, ಅದಕ್ಕೆ ಅದರದ್ದೇ ಬೇರು ಇದೆ. ಆದರೆ ರಾತ್ರಿಯಿಡೀ ಕೂತು ಕೇಳೋದೂ ಒಂದು ಸಾಧನೆ ಅನ್ನೋ ನಂಬಿಕೆ ಎರಡೂ ಕಡೆ ಒಂದೇ.

ಪ್ರತಿ ವರ್ಷ ಜಿಲ್ಕದ್ ತಿಂಗಳ 15ಕ್ಕೆ ಕಲಬುರಗಿಯ ಮೆಹಬೂಬ್ ಗುಲ್ಶನ್ ತೋಟದಿಂದ ಗಂಧದ ಮೆರವಣಿಗೆ ಹೊರಡ್ತದೆ. ಆ ದಿನ ಚಿತ್ತಾಪುರ, ಸೇಡಂ ಕಡೆಯಿಂದ ವಾಡಿ ಮೇಲೆ ಬರೋ ರೈಲು ನೋಡಬೇಕು, ಶಹಾಬಾದಿನಲ್ಲಿ ಹತ್ತೋಕೇ ಜಾಗ ಇರೋದಿಲ್ಲ. ಚಿಂಚೋಳಿಗೆ ರೈಲಿಲ್ಲ, ಅಲ್ಲಿಯವರು ಬಸ್ಸಿನಲ್ಲಿ ನಿಂತೇ ಬರ್ತಾರೆ. ಟೋಪಿ ಹಾಕಿದವರೂ ಇರ್ತಾರೆ, ವಿಭೂತಿ ಹಚ್ಚಿದವರೂ ಇರ್ತಾರೆ. ವಾಡಿ ಪಕ್ಕದ ಹಲಕಟ್ಟಾ ದರ್ಗಾದ ಉರುಸಿಗೂ ಹೀಗೇ. ಕವ್ವಾಲಿ ಶುರುವಾದ ಮೇಲೆ ಯಾರು ಯಾವ ಊರು ಅಂತ ಕೇಳೋರು ಯಾರೂ ಇಲ್ಲ.

ಒಂದು ನನ್ನ ಮನೆ ಮಾತು ಹೇಳಿ ಮುಗಿಸ್ತೀನಿ. ನಮ್ಮ ಅಜ್ಜಿ ಚಿತ್ತಾಪುರ ತಾಲೂಕಿನವಳು. ಅವಳ ಬೀಸುವ ಹಾಡೊಂದರಲ್ಲಿ ಬಂದೇನವಾಜನ ಹೆಸರು ಬರ್ತದೆ ಅಂತ ಅಮ್ಮ ಹೇಳಿದ್ಲು. ದೀಪಾವಳಿ ರಜೆಗೆ ಹೋದಾಗ ಫೋನಿನಲ್ಲಿ ರೆಕಾರ್ಡ್ ಆನ್ ಮಾಡಿ, ಹಾಡು ಅಜ್ಜಿ ಅಂದೆ. ಎರಡು ಸಾಲು ಹಾಡಿ ನಿಲ್ಲಿಸಿದಳು. ಮುಂದ ನೆನಪಾಗವಲ್ದು, ಕಲ್ಲು ತಿರುಗದಿದ್ರ ಹಾಡು ಹೆಂಗ ಬರ್ತದೋ ಅಂದಳು. ಬೀಸುಕಲ್ಲು ಹಿತ್ತಲಿನಲ್ಲಿ ಇದೆ, ಮೇಲಿನ ಕಲ್ಲು ಒಡೆದಿದೆ. ಓಣಿಯಲ್ಲಿ ಹಿಟ್ಟಿನ ಗಿರಣಿ ಬಂದು ನಲವತ್ತು ವರ್ಷ ಆಯ್ತಂತೆ.

ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ ಶಹಾಬಾದ್ ಪರಸಿಯ ಮೇಲೆ ಅಂಗೈ ಇಟ್ಟು, ಕಲ್ಲು ಇದೆ ಅನ್ನೋ ಹಾಗೆ ಗುಂಡಗೆ ತಿರುಗಿಸೋಕೆ ಶುರು ಮಾಡಿದಳು. ನಾಲ್ಕು ಸುತ್ತು ಆದ ಮೇಲೆ ಮೂರನೇ ಸಾಲು ಬಂತು. ನಾನು ಕೇಳ್ತಾ ಕೂತೆ.